ನಡುವಿನ ಮುದ್ರೆ

ಪುರಸಭೆಯ ಜನನ ಮರಣ ವಿಭಾಗದ ಗುಮಾಸ್ತರಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಸಿರಾಡಿಕೊಂಡಿತ್ತು. ಉಳಿದಂತೆ ಕಚೇರಿ, ಬೀದಿ, ಕ್ಷೌರದಂಗಡಿ, ಎಲ್ಲ ಕಡೆಯೂ ಅವರು ‘ಏನ್ಮಹಾ’. ಯಾರು ಏನು ಹೇಳಿದರೂ ತುಟಿ ಸ್ವಲ್ಪ ಓರೆ ಮಾಡಿ ‘ಅದೇನ್ ಮಹಾ’ ಎನ್ನುವುದು ಅವರ ಅಭ್ಯಾಸ. ಒಬ್ಬರು ನಾಲ್ಕು ಹಲ್ಲು ಒಟ್ಟಿಗೆ ಕೀಳಿಸಿಕೊಂಡೆ ಅಂದರೆ, ಅದೇನ್ ಮಹಾ. ಇನ್ನೊಬ್ಬರ ಮನೆಯಲ್ಲಿ ಅವಳಿ ಮಕ್ಕಳು ಹುಟ್ಟಿದರೆ, ಅದೇನ್ ಮಹಾ, ಎರಡು ನಮೂನೆ ತುಂಬಬೇಕು, ಅಷ್ಟೇ ತಾನೆ. ಇದರಲ್ಲಿ ಅಹಂಕಾರ ಇರಲಿಲ್ಲ ಎಂದರೆ ನಂಬಬೇಕು. ಊರಿನವರ ಹುಟ್ಟು ಸಾವನ್ನೆಲ್ಲ ಇಪ್ಪತ್ತೈದು ವರ್ಷ ಹನ್ನೊಂದು ಕಲಮುಗಳ ಒಂದೇ ನಮೂನೆಯಲ್ಲಿ ತುಂಬಿ ತುಂಬಿ ಅವರಿಗೆ ಯಾವುದೂ ದೊಡ್ಡದಾಗಿ ಕಾಣುವುದು ನಿಂತುಹೋಗಿತ್ತು.

ಒಂದು ದಿನ ಚಹಾದ ಹೊತ್ತಿನಲ್ಲಿ ಪಕ್ಕದ ಮೇಜಿನ ಟೈಪಿಸ್ಟ್ ಪತ್ರಿಕೆ ಬಿಚ್ಚಿ ಒಂದು ಚಿತ್ರ ತೋರಿಸಿದರು. ತಲೆ ನರೆತ ಗಂಡ ಹೆಂಡತಿ ಎರಡು ಸೈಕಲ್ ಹಿಡಿದು ನಗುತ್ತ ನಿಂತಿದ್ದರು. ಗಡಿಯ ನದಿಯ ಕಣಿವೆಯಲ್ಲಿ ನಲವತ್ತು ಕಿಲೋಮೀಟರನ್ನು ಎರಡು ಮೂರು ದಿನ ಹಿಡಿದು ಆರಾಮವಾಗಿ ತುಳಿದು ಬಂದಿದ್ದರಂತೆ. ಅಲ್ಲಲ್ಲಿ ಇಳಿಯುವುದು, ಹಕ್ಕಿ ನೋಡುವುದು, ಮರದಡಿ ಮಲಗುವುದು, ಎದ್ದು ಮತ್ತೆ ತುಳಿಯುವುದು.

“ನೋಡಿ ಸರ್, ಈ ವಯಸ್ಸಲ್ಲಿ” ಎಂದರು ಟೈಪಿಸ್ಟ್.

“ಅದೇನ್ ಮಹಾ. ನದಿ ಯಾವ ಕಡೆ ಹರಿಯುತ್ತೋ ಆ ಕಡೆ ಇಳಿಜಾರು ಇರಲೇಬೇಕಲ್ಲ. ಸೈಕಲ್ ತಾನೇ ಹೋಗುತ್ತೆ. ನಾವು ಮೇಲೆ ಸುಮ್ನೆ ಕೂತಿರೋದು.”

“ನೀವು ಹೋಗ್ತೀರಾ?”

“ರಜೆ ಸಿಕ್ಕಿದ್ರೆ ನಾಳೆನೇ.”

ಇದು ಬಹಳ ಭದ್ರವಾದ ಮಾತು. ಆ ಕಚೇರಿಯಲ್ಲಿ ರಜೆ ಸಿಗುತ್ತಿರಲಿಲ್ಲ. ಸ್ವಂತ ತಂಗಿಯ ಮದುವೆಗೆ ಅವರಿಗೆ ಸಿಕ್ಕಿದ್ದು ಅರ್ಧ ದಿನ. ಆದರೆ ಹೊಸದಾಗಿ ಬಂದ ಸಾಹೇಬರು ಚಹಾದ ಲೋಟ ಹಿಡಿದು ಹಿಂದೆಯೇ ನಿಂತಿದ್ದರು. ಅವರು ದಿನಾ ಸೈಕಲ್‌ನಲ್ಲೇ ಕಚೇರಿಗೆ ಬರುವವರು, ನೌಕರರ ಹೊಟ್ಟೆಗಳನ್ನು ನೋಡಿ ಮರುಗುತ್ತಿದ್ದವರು. “ಶಹಬ್ಬಾಸ್” ಎಂದು ಬೆನ್ನು ತಟ್ಟಿದರು. ಮಧ್ಯಾಹ್ನದೊಳಗೆ, ಅರ್ಜಿಯನ್ನೇ ಹಾಕದ ಮೂರು ದಿನದ ರಜೆ ಮಂಜೂರಾಗಿ ಮೇಜಿನ ಮೇಲೆ ಬಂದು ಕೂತಿತು.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮೇಲಿಂದ ತಲೆ ಎತ್ತಲಿಲ್ಲ. “ಮೆಟ್ಟಿಲು ಹತ್ತಿ ಬಂದ್ರೆ ಹತ್ತು ನಿಮಿಷ ಮಾತಾಡಕ್ಕಾಗಲ್ಲ ನಿಮಗೆ. ಸೈಕಲ್ ಅಂತೆ.”

ಹಿಂದಿನ ಬೀದಿಯಲ್ಲಿದ್ದ ಮಾವನಿಗೆ ಮಾತ್ರ ಈ ಸುದ್ದಿ ಬೇರೆ ಥರ ತಲುಪಿತು. ಮಾವ ಆ ಕಣಿವೆಯಲ್ಲಿ ಮೂವತ್ತೊಂದು ವರ್ಷ ಅಂಚೆ ಹಂಚಿದವರು. ಸಂಜೆ ತಮ್ಮ ಹಳೆಯ ಸೈಕಲ್ಲನ್ನು ತಾವೇ ತಳ್ಳಿಕೊಂಡು ಬಂದರು. ಸರಪಳಿಗೆ ಎಣ್ಣೆ ಬಿಟ್ಟು, ಬ್ರೇಕಿನ ರಬ್ಬರು ಬದಲಿಸಿ, ಎರಡೂ ಗಾಲಿಗೆ ಹೊಸ ಟೈರು ಹಾಕಿಸಿದ್ದರು.

“ಅಳಿಯಂದಿರೇ, ಏರು ಬಂದ್ರೆ ಇಳಿದು ತಳ್ಳಿ. ತಳ್ಳೋದ್ರಲ್ಲಿ ಅವಮಾನ ಇಲ್ಲ. ನಾನೂ ಅರ್ಧ ದಾರಿ ತಳ್ತಾನೇ ಇದ್ದೆ.”

“ಅದೇನ್ ಮಹಾ ಮಾವ” ಎಂದರು ಅಳಿಯ.

ಮಾವ ಅವರನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಮಾವ ತಮ್ಮನ್ನು ಮೆಚ್ಚಿ ನೋಡಿದ್ದು ಅದೇ ಮೊದಲು ಎನ್ನುವುದು ಏನ್ಮಹಾಗೆ ಗೊತ್ತಾಯಿತು. ಇನ್ನು ಹೋಗದೆ ಇರುವ ಹಾಗಿರಲಿಲ್ಲ. ಆ ನೋಟ ಉಳಿಯಬೇಕಾದರೆ ನಲವತ್ತು ಕಿಲೋಮೀಟರ್ ತುಳಿಯಬೇಕಾಗಿತ್ತು.

ಕಣಿವೆಯ ಕ್ರಮ ಹೀಗೆ. ನದಿಯ ಆಚೆ ದಡ ಬೇರೆ ದೇಶ. ಮೋಟಾರು ವಾಹನಗಳು ಬೆಟ್ಟದ ಮೇಲಿನ ರಸ್ತೆಯಲ್ಲಿ ಹೋಗುತ್ತವೆ, ಅವನ್ನು ಯಾರೂ ಕೇಳುವುದಿಲ್ಲ. ದಡದ ದಾರಿಯಲ್ಲಿ ನಡೆದೋ ಸೈಕಲ್‌ನಲ್ಲೋ ಹೋಗುವವರು ಮಾತ್ರ ಮೊದಲ ಚೌಕಿಯಲ್ಲಿ ಒಂದು ಚೀಟಿ ಪಡೆಯಬೇಕು, ಇಪ್ಪತ್ತೆರಡು ಕಿಲೋಮೀಟರ್ ಆಚೆಯ ಎರಡನೇ ಚೌಕಿಯಲ್ಲಿ ಕತ್ತಲಾಗುವ ಮುಂಚೆ ಅದಕ್ಕೆ ಮುದ್ರೆ ಹಾಕಿಸಬೇಕು, ಕೆಳಗಿನ ಊರಿನ ಮೂರನೇ ಚೌಕಿಯಲ್ಲಿ ಅದನ್ನು ವಾಪಸ್ ಕೊಡಬೇಕು. ಮರಳಿನಲ್ಲಿ ಗುಂಡಿಗಳಿವೆ, ದಿಕ್ಕು ತಪ್ಪಿದರೆ ಪರದೇಶ.

ಮೊದಲ ಚೌಕಿಯ ಪೇದೆ ಚೀಟಿ ಬರೆಯುತ್ತ ಅವರ ಹೊಟ್ಟೆಯನ್ನು ಒಮ್ಮೆ, ಸೈಕಲ್ಲನ್ನು ಒಮ್ಮೆ ನೋಡಿದ. “ಸರ್, ಇದು ಆಗುತ್ತಾ ನಿಮ್ಮ ಕೈಲಿ? ಇಲ್ಲಾಂದ್ರೆ ಮೇಲೆ ಬಸ್ ಇದೆ.”

“ಬಸ್ಸಾ?” ಏನ್ಮಹಾ ನಕ್ಕರು. “ಬಸ್ಸಲ್ಲಿ ಹೋಗೋರ ಥರ ಕಾಣ್ತೀನಾ ನಾನು? ಅದೇನ್ ಮಹಾ ದೂರ.”

ಈ ಮಾತನ್ನು ಪೇದೆ ಮುಂದೆ ಪದ ಬಿಡದೆ ಎಲ್ಲರಿಗೂ ಹೇಳಲಿದ್ದ.

ಮೊದಲ ಎರಡು ಕಿಲೋಮೀಟರ್ ಸೊಗಸಾಗಿತ್ತು. ಮೂರನೆಯದರಲ್ಲಿ ನದಿ ಒಂದು ಕಡೆ ಇಳಿಯುತ್ತಿದ್ದರೂ ದಾರಿ ಇನ್ನೊಂದು ಕಡೆ ಏರುತ್ತಿರುವುದು ಕಂಡುಬಂತು. ನದಿಗೂ ದಾರಿಗೂ ಯಾವ ಒಪ್ಪಂದವೂ ಇರಲಿಲ್ಲ. ನಾಲ್ಕನೆಯದರಲ್ಲಿ ಮೊಣಕಾಲು ಮಾತಾಡಲು ಶುರುಮಾಡಿತು. ಸೀಟು ಮಾವನ ಶರೀರಕ್ಕೆ ಮೂವತ್ತೊಂದು ವರ್ಷ ಒಗ್ಗಿಕೊಂಡಿತ್ತು, ಹೊಸ ಶರೀರವನ್ನು ಸ್ವೀಕರಿಸಲು ಅದು ತಯಾರಿರಲಿಲ್ಲ. ಅವರು ಇಳಿದು, ದಡದ ಬಂಡೆಯ ಮೇಲೆ ಕೂತು ನೀರಿನಲ್ಲಿ ಕಾಲು ಇಳಿಬಿಟ್ಟರು. ಹಕ್ಕಿ ನೋಡಿದರು. ಹಕ್ಕಿಯೂ ಅವರನ್ನು ನೋಡಿತು. ಅಷ್ಟರಲ್ಲಿ ತಲೆಯ ಮೇಲಿನ ಬೆಟ್ಟದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

ಮನುಷ್ಯನ ಮೊಣಕಾಲು ಎಂಥ ನಾಟಕದ್ದು ಎನ್ನುವುದಕ್ಕೆ ಸಾಕ್ಷಿಯಾಗಿ, ಅದೇ ಮೊಣಕಾಲು ಸೈಕಲ್ಲನ್ನೂ ಹೊತ್ತುಕೊಂಡು ಆ ಬೆಟ್ಟವನ್ನು ಆರು ನಿಮಿಷದಲ್ಲಿ ಹತ್ತಿತು. ಅವಸರದಲ್ಲಿ ಟವೆಲ್ಲು ಬಂಡೆಯ ಮೇಲೆಯೇ ಉಳಿಯಿತು.

“ಎಲ್ಲಿಗೆ?” ಎಂದ ಕಂಡಕ್ಟರ್, ಸೈಕಲ್ಲನ್ನು ಮೇಲಕ್ಕೆ ಎಳೆದುಕೊಳ್ಳುತ್ತ.

“ಇದು ಎಲ್ಲಿಗೆ ಹೋಗುತ್ತೋ ಅಲ್ಲಿಗೆ.”

ಬಸ್ಸಿನಲ್ಲಿ ಕೂತು ಅವರು ಚೀಟಿಯನ್ನು ತೆಗೆದು ನೋಡಿದರು. ಅದರಲ್ಲಿ ಮೂರು ಚೌಕ. ಮೊದಲನೆಯದರಲ್ಲಿ ಮುದ್ರೆ ಬಿದ್ದಿತ್ತು. ಕೊನೆಯದನ್ನು ನಾಡಿದ್ದು ಕೆಳಗಿನ ಊರಿನಲ್ಲಿ ಹಾಕಿಸಿದರಾಯಿತು. ನಡುವಿನದು? ಇಲ್ಲಿ ಅವರ ವೃತ್ತಿಯ ಅನುಭವ ನೆರವಿಗೆ ಬಂತು. ಅವರ ಕಚೇರಿಯ ನಮೂನೆಯ ಹನ್ನೊಂದು ಕಲಮುಗಳಲ್ಲಿ ಮೇಲಿನವರು ಓದುತ್ತಿದ್ದುದು ಮೊದಲನೆಯದನ್ನು ಮತ್ತು ಕೊನೆಯದನ್ನು. ನಡುವಿನ ಒಂಬತ್ತು ಕಲಮುಗಳನ್ನು ಇಪ್ಪತ್ತೈದು ವರ್ಷಗಳಲ್ಲಿ ಒಬ್ಬರೂ ಕೇಳಿರಲಿಲ್ಲ. ಒಮ್ಮೆ ಪರೀಕ್ಷೆಗೆಂದು ಒಬ್ಬ ಮುದುಕನ ಮರಣದ ಕಾರಣ ಎಂಬಲ್ಲಿ ‘ಹೌದು’ ಎಂದು ಬರೆದಿದ್ದರು. ಅದು ಹಾಗೆಯೇ ಪಾಸಾಗಿತ್ತು. ಆದ್ದರಿಂದ ನಡುವಿನ ಮುದ್ರೆ ಶೋಭೆಗೆ ಇರುವಂಥದ್ದು ಎಂದು ತೀರ್ಮಾನಿಸಿ ಕಣ್ಣು ಮುಚ್ಚಿದರು. ಬಸ್ಸು ಎರಡನೇ ಚೌಕಿಯ ನೆತ್ತಿಯ ಮೇಲೆ ಸಾಗಿಹೋಯಿತು.

ಕೆಳಗಿನ ಊರಿನ ಲಾಡ್ಜು ಚೆನ್ನಾಗಿತ್ತು. ಬಿಸಿನೀರು, ಮೆತ್ತನೆಯ ಹಾಸಿಗೆ, ಕಿಟಕಿ ತೆಗೆದರೆ ಕವಲುಹೊಳೆ ಬಂದು ನದಿ ಸೇರುವ ಜಾಗ, ಅಲ್ಲಿ ದೋಣಿಗಳ ಕಡವು. ದಡದ ದಾರಿ ಹಿಡಿದು ಬಂದವರು ಊರು ಸೇರಬೇಕಾದರೆ ಆ ಕವಲುಹೊಳೆಯನ್ನು ದೋಣಿಯಲ್ಲೇ ದಾಟಬೇಕು. ಅವರು ಸಂಜೆ ಆರಕ್ಕೇ ಮಲಗಿ, ಬೆಳಿಗ್ಗೆ ಎಂಟಕ್ಕೆ ಎದ್ದು, ಮುಖಕ್ಷೌರ ಮಾಡಿಕೊಂಡು, ತಲೆ ಬಾಚಿ ಕಿಟಕಿ ತೆಗೆದರು. ಕಡವಿನಲ್ಲಿ ಒಂದು ದೋಣಿಯೂ ಇರಲಿಲ್ಲ.

ಕೆಳಗೆ ಬಂದು ಲಾಡ್ಜಿನ ಮಾಲೀಕನನ್ನು ಕೇಳಿದರು. “ಏನ್ರೀ, ದೋಣಿಗಳೆಲ್ಲ ಎಲ್ಲಿ?”

“ಎಂಟೂ ಮೇಲಕ್ಕೆ ಹೋಗಿವೆ ಸ್ವಾಮಿ. ಒಬ್ಬ ನೀರು ಪಾಲಾಗಿದಾನೆ. ನಿನ್ನೆ ಮೊದಲ್ನೇ ಚೌಕಿ ಬಿಟ್ಟೋನು ಎರಡನೇ ಚೌಕಿಗೆ ಬರಲೇ ಇಲ್ಲ. ಬಂಡೆ ಮೇಲೆ ಟವೆಲ್ ಸಿಕ್ತಂತೆ. ಹೆಂಡ್ತಿ ಬಂದು ನೋಡಿ, ಅಂಚು ನಾನೇ ಹೊಲಿದಿದ್ದು ಅಂದ್ರಂತೆ.”

ಏನ್ಮಹಾ ಖಾಲಿ ಹೆಗಲು ಮುಟ್ಟಿ ನೋಡಿಕೊಂಡರು.

“ಬಸ್ಸಲ್ಲಿ ಹೋಗಿರಬಹುದಲ್ಲ?” ಎಂದರು ಮೆಲ್ಲಗೆ.

“ನಾವೂ ಹಾಗೇ ಅಂದ್ವಿ. ಆದ್ರೆ ಚೌಕಿ ಪೇದೆ ಆಣೆ ಮಾಡಿ ಹೇಳ್ತಾನೆ, ಆ ಮನುಷ್ಯ ಬಸ್ಸು ಅಂದ್ರೆ ನಕ್ಕುಬಿಟ್ರು ಅಂತ. ಮಾನವಂತರು ಅಂತ.” ಮಾಲೀಕ ಗಲ್ಲಾದ ಮೇಲಿದ್ದ ಕಾಗದವನ್ನು ಎತ್ತಿ ಓದಿದ. “ಗುರುತು ಕಳಿಸಿದಾರೆ ನೋಡಿ. ಐವತ್ತರ ಹತ್ತಿರ ವಯಸ್ಸು. ಹೊಟ್ಟೆ ಇದೆ. ಈಜು ಬರಲ್ಲ, ಬರುತ್ತೆ ಅಂತ ಹೇಳ್ಕೋತಾರೆ. ಬೈದ್ರೆ ಸುಮ್ನಿರ್ತಾರೆ. ಇದು ಹೆಂಡ್ತಿ ಬರೆಸಿದ್ದಂತೆ. ಸ್ವಂತ ಹೆಸರು ಹಿಡಿದು ಕರೆದ್ರೆ ತಿರುಗಲ್ಲ, ‘ಏನ್ಮಹಾ’ ಅನ್ಬೇಕು ಅಂತ ಅವರ ಕಚೇರಿಯೋರು ಸೇರ್ಸಿದಾರೆ. ಬೆಳಗ್ಗಿಂದ ನದಿ ಉದ್ದಕ್ಕೂ ಅದೇ ಕೂಗು.”

ಇಪ್ಪತ್ತೆರಡು ಕಿಲೋಮೀಟರ್ ನದಿ, ಎಂಟು ದೋಣಿ, ನೂರಾರು ಬಾಯಿ, ಎಲ್ಲ ಸೇರಿ ‘ಏನ್ಮಹಾ’ ಎಂದು ಕೂಗುತ್ತಿರುವುದನ್ನು ಊಹಿಸಿಕೊಂಡು ಅವರ ಕಿವಿ ಕಾದವು. ಮಾಡಬೇಕಾದ ಕೆಲಸ ಒಂದೇ, ಫೋನು ಎತ್ತಿ ನಾನು ಇಲ್ಲಿದ್ದೇನೆ ಎನ್ನುವುದು. ಅವರು ಎತ್ತಿದರು ಕೂಡ. ಮನೆಯ ಫೋನಿಗೆ ಪಕ್ಕದ ಮನೆಯ ಅಜ್ಜಿ ಓಗೊಟ್ಟರು.

“ಮನೇಲಿ ಯಾರೂ ಇಲ್ಲ. ಎಲ್ಲಾ ನದಿ ಹತ್ರ ಹೋಗಿದಾರೆ. ಈ ಮನೆ ಯಜಮಾನ್ರು ಹೋಗ್ಬಿಟ್ರು. ನಾನು ಮನೆ ಕಾಯ್ತಿದೀನಿ. ನೀವ್ಯಾರು?”

“ನಾನು... ಅವರ ಕಡೆಯೋನು.”

“ಪಾಪ, ಒಳ್ಳೆ ಮನುಷ್ಯ. ನನ್ನ ಏಣಿ ತಗೊಂಡು ಎರಡು ವರ್ಷ ಆಗಿತ್ತು. ಇನ್ನು ಯಾರನ್ನ ಕೇಳ್ಲಿ ನಾನು.”

“ಹಿತ್ತಿಲ ಗೋಡೆ ಪಕ್ಕ ಇದೆ ನೋಡಿ” ಎಂದುಬಿಟ್ಟರು ಏನ್ಮಹಾ.

ಅಜ್ಜಿಯ ದನಿ ಏರಿತು. “ನಿಮಗೆ ಹೇಗೆ ಗೊತ್ತು?”

ಅವರು ಫೋನು ಇಟ್ಟುಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ, ಸತ್ತವರು ಏಣಿಯ ವಿಚಾರವಾಗಿ ಫೋನು ಮಾಡಿದರು, ಎಷ್ಟಾದರೂ ಋಣ ಉಳಿಸಿಕೊಳ್ಳುವವರಲ್ಲ ಎಂಬ ಮಾತು ಹಬ್ಬಿತ್ತು.

ಈಗ ಸತ್ಯ ಹೇಳಿದರೆ ಮಾವನ ಮುಖ ಹೇಗಾಗುತ್ತದೆ ಎಂದು ಅವರು ಯೋಚಿಸಿದರು. ಆ ಯೋಚನೆ ಮುಗಿಯುವಷ್ಟರಲ್ಲಿ ಅವರು ಒಂದು ಹಾಲಿನ ವ್ಯಾನಿನ ಹಿಂದೆ, ಖಾಲಿ ಕ್ಯಾನುಗಳ ನಡುವೆ ಸೈಕಲ್ ತಬ್ಬಿಕೊಂಡು ಕೂತಿದ್ದರು. ಟವೆಲ್ಲು ಬಿಟ್ಟಿದ್ದ ಜಾಗದಿಂದ ಸ್ವಲ್ಪ ಮುಂದೆ ಇಳಿದು, ಪೊದೆಗಳ ನಡುವೆ ಜಾರಿಕೊಂಡು ದಡ ಸೇರಿ, ಕಳೆದುಹೋಗುವ ಕೆಲಸಕ್ಕೆ ಕೈಹಾಕಿದರು. ಅಂಗಿ ಹರಿಯಬೇಕೆಂದುಕೊಂಡರು. ಹೆಂಡತಿ ಹೊಲಿದದ್ದು, ಹರಿಯಲಿಲ್ಲ. ಕೆಸರು ಬಳಿದುಕೊಂಡರು. ಸೈಕಲ್ಲಿಗೂ ಬಳಿದರು. ನಿನ್ನೆ ಬಿದ್ದವನು ಇವತ್ತಿಗೆ ಎಷ್ಟು ಒದ್ದೆ ಇರುತ್ತಾನೆ ಎಂಬ ಪ್ರಶ್ನೆ ಬಂತು. ಲೆಕ್ಕ ಸಿಗದೆ ಮೊಣಕಾಲಿನವರೆಗೆ ಮಾತ್ರ ಒದ್ದೆಯಾದರು. ಆಮೇಲೆ ಮಲಗಿ, “ಯಾರಾದರೂ ಇದ್ದೀರಾ” ಎಂದು, ಇಲ್ಲದಿದ್ದರೂ ಪರವಾಗಿಲ್ಲ ಎನ್ನುವ ಧ್ವನಿಯಲ್ಲಿ ಕೂಗಿದರು.

ಬಂದವಳು ಕೆಳಗಿನ ಕಡವಿನ ದೋಣಿಯಕ್ಕ. ಐವತ್ತು ದಾಟಿದ ಗಟ್ಟಿ ಹೆಂಗಸು. ಬೆಳಗಿನ ಜಾವದಿಂದ ಎದೆಮಟ್ಟ ನೀರಿನಲ್ಲಿ ನಿಂತು ಬಿದಿರಿನ ಗಳದಿಂದ ಮರಳಿನ ಗುಂಡಿ ಒಂದೊಂದನ್ನೂ ತಡಕಿದ್ದಳು. ಇವರನ್ನು ಕಂಡವಳೇ ಬಾಯಿ ತೆರೆದಳು. ಧ್ವನಿ ಬರಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ಗಾಳಿಯಂಥ ಪಿಸುದನಿಯಲ್ಲಿ, “ಬದುಕಿದೀಯಾ ಅಣ್ಣ?” ಎಂದಳು.

ಹೌದು ಎನ್ನಲು ನಾಚಿಕೆಯಾಗಿ ಏನ್ಮಹಾ ಕಣ್ಣು ಮುಚ್ಚಿದರು. ಅದನ್ನು ಎಲ್ಲರೂ ಮೂರ್ಛೆ ಎಂದುಕೊಂಡರು. ನಾಲ್ಕು ಜನ ಹೊತ್ತು ದೋಣಿಯಲ್ಲಿ ಮಲಗಿಸಿದರು. ಹೊತ್ತವರಲ್ಲಿ ಒಬ್ಬ, “ರಾತ್ರಿಯಿಡೀ ಉಪವಾಸ ಇದ್ರೂ ಏನ್ ಭಾರ ಇದಾರಪ್ಪ” ಎಂದ.

ಎರಡನೇ ಚೌಕಿಯ ಅಂಗಳದಲ್ಲಿ ಜಾತ್ರೆಯಷ್ಟು ಜನ. ಸಾಹೇಬರು ಅರ್ಧ ಕಚೇರಿಯನ್ನು ಕರೆತಂದಿದ್ದರು. ಟೈಪಿಸ್ಟ್ ಕಣ್ಣು ಊದಿಕೊಂಡು ಕೂತಿದ್ದರು. ಹೆಂಡತಿ ನಿಧಾನವಾಗಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಅಳಲಿಲ್ಲ. ಸೆರಗಿನ ತುದಿಯಿಂದ ಅವರ ಕೆನ್ನೆಯ ಕೆಸರು ಒರೆಸಿದಳು. ಒರೆಸುತ್ತ ಒರೆಸುತ್ತ ಕೈ ನಿಧಾನವಾಯಿತು. ಒಂದು ರಾತ್ರಿ ನದಿಯ ಪಾಲಾಗಿದ್ದ ಗಂಡನ ಗಲ್ಲ ಆಗತಾನೆ ಕ್ಷೌರ ಮಾಡಿದ ಹಾಗೆ ನುಣ್ಣಗಿತ್ತು. ಕಿವಿಯ ಹಿಂದೆ ಬಗ್ಗಿ ಮೂಸಿದಳು. ಅದು ತಮ್ಮ ಮನೆಯ ಸೋಪು ಅಲ್ಲ. ಅವಳು ಸೆರಗು ಬಿಟ್ಟು ಎದ್ದು ನಿಂತು ದೂರದ ಬೆಟ್ಟ ನೋಡತೊಡಗಿದಳು.

ಇನ್ನೊಂದು ಕಡೆ ಮಾವ ಸೈಕಲ್ಲನ್ನು ಗೋಡೆಗೆ ಒರಗಿಸಿ, ಕೆಸರು ಒರೆಸುತ್ತಿದ್ದರು. ಹೊಸ ಟೈರಿನ ಮೇಲೆ ಎಳೆ ಕೂದಲಿನಂತೆ ರಬ್ಬರಿನ ಮುಳ್ಳುಗಳಿರುತ್ತವೆ, ಹತ್ತಿಪ್ಪತ್ತು ಕಿಲೋಮೀಟರ್ ಓಡಿದರೆ ಸವೆದುಹೋಗುತ್ತವೆ. ಮಾವನ ಬೆರಳು ಆ ಮುಳ್ಳುಗಳ ಮೇಲೆ ಒಂದು ಸುತ್ತು ಹೋಗಿ ಬಂತು. ಅವರು ಒರೆಸುತ್ತಿದ್ದ ಬಟ್ಟೆ ಮಡಿಸಿ ಜೇಬಿಗಿಟ್ಟುಕೊಂಡರು.

ಇದನ್ನೆಲ್ಲ ಏನ್ಮಹಾ ಅರೆ ಮುಚ್ಚಿದ ಕಣ್ಣಿನಿಂದ ನೋಡಿದರು. ಹೊಡೆದಿದ್ದರೆ ಎಷ್ಟೋ ಮೇಲಿತ್ತು.

ಆದರೆ ಉಳಿದವರು ಅವರನ್ನು ಬಿಡಬೇಕಲ್ಲ. ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿ, ಪ್ರಶ್ನೆಯನ್ನೂ ಅವರೇ ಕೇಳಿ ಉತ್ತರವನ್ನೂ ಅವರೇ ಕೊಟ್ಟುಕೊಂಡರು.

“ಮರಳಲ್ಲಿ ಗಾಲಿ ಸಿಕ್ಕಿಕೊಂಡಿರಬೇಕು, ಅಲ್ವಾ ಸರ್?” ಎಂದ ಮೊದಲ ಚೌಕಿಯ ಪೇದೆ.

ಅವರು ಸುಮ್ಮನಿದ್ದರು.

“ಹೌದಂತೆ” ಎಂದ ಪೇದೆ ಜನರಿಗೆ. “ಸೆಳೆತ ಎಳ್ಕೊಂಡು ಹೋಗಿರುತ್ತೆ.”

“ಸೈಕಲ್ ಬಿಡಲಿಲ್ಲ ನೋಡಿ” ಎಂದರು ಸಾಹೇಬರು ಗದ್ಗದರಾಗಿ. “ಪ್ರಾಣ ಹೋದ್ರೂ ಸೈಕಲ್ ಬಿಡಲಿಲ್ಲ. ನಮ್ಮ ಕಚೇರಿಯಲ್ಲಿ ಇಂಥೋರು ಇದಾರೆ ಅಂತ ನನಗೆ ಗೊತ್ತಿರಲಿಲ್ಲ.”

“ನನಗೂ” ಎಂದಳು ಹೆಂಡತಿ, ಬೆಟ್ಟ ನೋಡುತ್ತಲೇ.

ಇಷ್ಟಕ್ಕೇ ನಿಂತಿದ್ದರೆ ಏನ್ಮಹಾ ಆ ನಾಚಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಿಬಿಡುತ್ತಿದ್ದರೋ ಏನೋ. ಆದರೆ ಎರಡನೇ ಚೌಕಿಯ ಜಮಾದಾರ ದೊಡ್ಡ ದಾಖಲೆ ಪುಸ್ತಕ ತಂದು ತೆರೆದ. “ಇದು ಮೂರನೇ ಅಪಘಾತ. ಮೇಲಿನೋರು ಕಾಯ್ತಾ ಇದ್ರು. ಇವರು ಒಂದು ರುಜು ಹಾಕಿದ್ರೆ ಸಾಕು, ನಾಳೆಯಿಂದ ದಡದ ದಾರಿ ಬಂದ್. ನಡೆಯೋರೂ ಇಲ್ಲ, ಸೈಕಲ್ಲೂ ಇಲ್ಲ.”

“ಒಳ್ಳೇದಾಯ್ತು” ಎಂದರು ನಾಲ್ಕಾರು ಜನ.

ಏನ್ಮಹಾ ತಲೆ ಎತ್ತಿದರು. ಜನರ ಹಿಂದೆ, ಒದ್ದೆ ಸೀರೆಯಲ್ಲಿ ನಡುಗುತ್ತ ದೋಣಿಯಕ್ಕ ನಿಂತಿದ್ದಳು. ಅವಳು ಏನೋ ಹೇಳುತ್ತಿದ್ದಳು. ಧ್ವನಿಯಿಲ್ಲದ್ದರಿಂದ ಯಾರಿಗೂ ಕೇಳಿಸುತ್ತಿರಲಿಲ್ಲ. ಕೊನೆಗೆ ಅವರ ಹೆಂಡತಿಯ ತೋಳು ಹಿಡಿದು ಕಿವಿಯಲ್ಲಿ ಹೇಳಿದಳು.

“ದಾರಿ ಬಂದಾದ್ರೆ ನನ್ನ ದೋಣಿ ಯಾರು ಹತ್ತುತಾರೆ ಅಂತ ಕೇಳ್ತಿದಾರೆ” ಎಂದಳು ಹೆಂಡತಿ. ಗಂಡನ ಮುಖವನ್ನೇ ನೋಡಿ ಹೇಳಿದಳು.

ಜಮಾದಾರ ಲೇಖನಿ ಚಾಚಿದ. ಏನ್ಮಹಾ ಅದನ್ನು ತೆಗೆದುಕೊಂಡರು. ಪುಸ್ತಕದ ಆ ಪುಟದಲ್ಲೂ ಹನ್ನೊಂದು ಕಲಮುಗಳಿದ್ದವು. ಅವರು ಲೇಖನಿ ಕೆಳಗಿಟ್ಟರು.

“ನಾನು ಬಿದ್ದಿಲ್ಲ” ಎಂದರು. “ಬಸ್ಸಲ್ಲಿ ಹೋದೆ.”

ಅಂಗಳದಲ್ಲಿ ಎಲ್ಲರ ಕಣ್ಣಲ್ಲೂ ಕನಿಕರ ತುಂಬಿತು.

“ತಲೆಗೆ ಪೆಟ್ಟು ಬಿದ್ದಿದೆ” ಎಂದರು ಸಾಹೇಬರು.

“ನೀರು ಮೆದುಳಿಗೆ ಹೋಗಿರುತ್ತೆ” ಎಂದ ಜಮಾದಾರ. “ಹೋದ ವರ್ಷದೋನೂ ಹಿಂಗೇ ಏನೇನೋ ಮಾತಾಡ್ತಿದ್ದ.”

“ಇಲ್ಲ ಸಾರ್, ಬಸ್ಸಲ್ಲಿ ಹೋಗಿ ಲಾಡ್ಜಲ್ಲಿ ಮಲಗಿದ್ದೆ. ಇವತ್ತು ಹಾಲಿನ ವ್ಯಾನಲ್ಲಿ ಬಂದೆ. ಕೆಸರು ನಾನೇ ಬಳ್ಕೊಂಡೆ.”

“ಪಾಪ” ಎಂದು ಟೈಪಿಸ್ಟ್ ಮತ್ತೆ ಅಳಲು ಶುರುಮಾಡಿದರು. “ಅವರು ಅಂಥೋರಲ್ಲ ಸರ್. ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ಅಂಥ ಕೆಲಸ ಮಾಡೋಕೆ ಧೈರ್ಯ ಬೇಕು.”

ಬಾಳಿನಲ್ಲಿ ಮೊದಲ ಬಾರಿಗೆ ತನ್ನ ತಪ್ಪು ಒಪ್ಪಿಕೊಳ್ಳಲು ಹೊರಟ ಮನುಷ್ಯನನ್ನು ಯಾರೂ ಒಪ್ಪುತ್ತಿರಲಿಲ್ಲ. ಸಾಕ್ಷಿಗೆಂದು ಬಸ್ಸಿನ ಟಿಕೆಟ್ ಹುಡುಕಲು ಅವರು ಪ್ಯಾಂಟಿನ ಜೇಬಿಗೆ ಕೈ ಹಾಕಿದರು. ಟಿಕೆಟ್ ಬಂತು, ಕೆಸರು ಮೆತ್ತಿ ಹರಿದಿತ್ತು. ಅದರ ಜೊತೆಗೆ, ಅಂಗೈಯಷ್ಟು ಅಗಲದ ಮರದ ಬಿಲ್ಲೆಯೊಂದು ಕೀಲಿಕೈಯನ್ನು ಎಳೆದುಕೊಂಡು ಹೊರಗೆ ಬಂತು. ಬಿಲ್ಲೆಯ ಮೇಲೆ ಲಾಡ್ಜಿನ ಹೆಸರು, ಕೋಣೆಯ ಸಂಖ್ಯೆ, ಕೆಳಗೆ ದಪ್ಪ ಅಕ್ಷರದಲ್ಲಿ ‘ದಯವಿಟ್ಟು ಹಿಂದಿರುಗಿಸಿ’.

ಜಮಾದಾರ ಅದನ್ನು ಗಟ್ಟಿಯಾಗಿ ಓದಿದ. ಟೈಪಿಸ್ಟ್ ಅಳು ನಿಲ್ಲಿಸಿದರು.

“ನಿಮಗೋಸ್ಕರ ನಾನು ಎರಡು ಹೊತ್ತು ಊಟ ಬಿಟ್ಟಿದೀನಿ” ಎಂದರು.

“ನಾನು ಹೇಳ್ದೆ ನಿಮಗೆ, ಬಸ್ಸಿದೆ ಅಂತ” ಎಂದ ಪೇದೆ. ಅವನ ಕಣ್ಣಲ್ಲಿ ನೀರು ಬರುವಂತಿತ್ತು. “ಆಣೆ ಮಾಡಿದ್ನಲ್ಲ ಸರ್ ನಾನು.”

ಸಾಹೇಬರು ಟೋಪಿ ಹಾಕಿಕೊಂಡು, ಮತ್ತೆ ತೆಗೆದು, ಮತ್ತೆ ಹಾಕಿಕೊಂಡರು. ಏನ್ಮಹಾ ತಲೆ ತಗ್ಗಿಸಿ ಕೂತರು. ನೆಲದಲ್ಲಿ ಒಂದು ಸಣ್ಣ ಬಿರುಕಿತ್ತು. ಅದರೊಳಗೆ ಇಳಿದುಹೋಗುವ ಹಾಗಿದ್ದರೆ ಎಂದುಕೊಂಡರು. ಅವರ ಅಳತೆಗೆ ಅದು ಸಾಲುವಂತಿರಲಿಲ್ಲ.

ಆಗ ದೋಣಿಯಕ್ಕ ಮುಂದೆ ಬಂದು ಎದುರು ನಿಂತಳು. ಬಾಯಿ ತೆರೆದು ಶಕ್ತಿಯೆಲ್ಲ ಹಾಕಿ ಬೈದಳು. ಗಾಳಿ ಮಾತ್ರ ಬಂತು. ಸಿಟ್ಟಿನಿಂದ ಅವಳ ಕುತ್ತಿಗೆಯ ನರ ಎದ್ದು ನಿಂತವು. ಕೊನೆಗೆ ಅವರ ಹೆಂಡತಿಯನ್ನು ಹತ್ತಿರ ಎಳೆದುಕೊಂಡು ಕಿವಿಗೆ ಬಾಯಿ ಇಟ್ಟಳು.

“ನೀವು ಮನುಷ್ಯನೇನ್ರೀ ಅಂತ ಕೇಳ್ತಿದಾರೆ” ಎಂದಳು ಹೆಂಡತಿ ಗಟ್ಟಿಯಾಗಿ. ಮತ್ತೆ ಕಿವಿಗೊಟ್ಟಳು. “ನಾಲ್ಕು ಗುಂಡಿಯಲ್ಲಿ ಮುಳುಗಿ ತಡಕಿದೀನಿ, ಪ್ರತಿ ಸಲ ಕೈಗೆ ಏನಾದ್ರೂ ಸಿಕ್ರೆ ಎದೆ ಒಡೆದು ಹೋಗ್ತಿತ್ತು ಅಂತಾರೆ.” ಮತ್ತೆ ಕಿವಿಗೊಟ್ಟಳು. “ಇಪ್ಪತ್ತೆರಡು ವರ್ಷದಿಂದ ಎಲ್ಲದಕ್ಕೂ ತುಟಿ ಓರೆ ಮಾಡ್ಕೊಂಡು ತಿರುಗ್ತೀರಲ್ಲ, ನಾಚಿಕೆ ಆಗಲ್ವಾ ಅಂತಾರೆ.”

ದೋಣಿಯಕ್ಕ ಬೆಚ್ಚಿ, ನಾನು ಅದನ್ನು ಹೇಳಲಿಲ್ಲ ಎಂಬಂತೆ ಕೈ ಆಡಿಸಿದಳು.

“ಅವರು ಹೇಳ್ದಿದ್ರೆ ನಾನು ಹೇಳ್ತಿದೀನಿ” ಎಂದಳು ಹೆಂಡತಿ. “ಆ ಟವೆಲ್ ಕೈಗೆ ಕೊಟ್ರಲ್ಲ, ಆಗ ನನಗೆ ಹೇಗಾಯ್ತು ಅಂತ ಗೊತ್ತೇನ್ರೀ ನಿಮಗೆ.”

ಏನ್ಮಹಾ ‘ಅದೇನ್ ಮಹಾ’ ಎನ್ನಬಹುದಾದ ಒಂದು ಮಾತೂ ಅವಳು ಆಡಲಿಲ್ಲ.

ಮಾವ ಮುಂದೆ ಬಂದರು. ಮಾತು ಅಳಿಯನ ಜೊತೆ ಅಲ್ಲ, ಜಮಾದಾರನ ಜೊತೆ. “ಚೀಟಿಗೆ ಇನ್ನೂ ನಾಳೆ ಸಂಜೆವರೆಗೆ ಅವಧಿ ಇದೆ, ಅಲ್ವಾ?”

“ಇದೆ. ಆದ್ರೆ ನಡುವಿನ ಮುದ್ರೆ ತಡ ಆಗಿದೆ. ಕಾರಣ ಬರೀಬೇಕು.”

“ಬರ್ಕೊಳ್ಳಿ. ನಿಜ ಏನೋ ಅದನ್ನ ಬರ್ಕೊಳ್ಳಿ. ದಾರಿಯಿಂದ ಯಾರಿಗೂ ಏನೂ ಆಗಿಲ್ಲ ಅಂತಲೂ ಬರ್ಕೊಳ್ಳಿ.”

ಜಮಾದಾರ ಕಷ್ಟಪಟ್ಟು ಬರೆದುಕೊಂಡ. ಎಂಟು ದೋಣಿ, ಒಂದು ರಾತ್ರಿ, ಒಂದು ಹಗಲು, ಕಾರಣ ಲಾಡ್ಜು ಎಂದು ಬರೆಯುವಾಗ ಅವನ ಕೈ ಎರಡು ಸಲ ನಿಂತಿತು. ಬರೆದು ಮುಗಿಸಿ ಚೀಟಿಯ ನಡುವಿನ ಚೌಕಕ್ಕೆ ಮುದ್ರೆ ಒತ್ತಿದ. ಮಾವ ಆ ಚೀಟಿಯನ್ನು ಅಳಿಯನ ಕೈಗೆ ಕೊಟ್ಟರು. ಮುಖ ನೋಡಲಿಲ್ಲ.

“ಉಳಿದ ಹದಿನೆಂಟು ಕಿಲೋಮೀಟರ್ ನಾಳೆ ತುಳೀರಿ” ಎಂದರು. “ದಡದಲ್ಲಿರೋ ಮನೆಯೋರೆಲ್ಲ ನಿಮ್ಮನ್ನ ಹುಡುಕೋಕೆ ಬಂದಿದ್ರು. ಏನಾಯ್ತು ಅಂತ ಕೇಳ್ತಾರೆ. ಇಳಿದು ಹೇಳಿ.”

ಮರುದಿನ ಬೆಳಿಗ್ಗೆ ಅವರು ಹೊರಟರು. ನದಿಯಲ್ಲಿ ದೋಣಿಗಳೂ ಕೆಳಗಿನ ಊರಿನ ಕಡವಿಗೆ ಹಿಂದಿರುಗಬೇಕಾಗಿದ್ದರಿಂದ ಪಕ್ಕದಲ್ಲೇ ಹೊರಟವು. ಮೊದಲ ದೋಣಿ ದೋಣಿಯಕ್ಕನದು. ಅದರಲ್ಲಿ ಹೆಂಡತಿ, ಮಾವ. ಏನ್ಮಹಾ ತುಳಿದರೆ ದೋಣಿಗಳು ಸಾಗುತ್ತಿದ್ದವು, ಏರಿನಲ್ಲಿ ತಳ್ಳಿದರೆ ದೋಣಿಗಳು ನಿಧಾನವಾಗುತ್ತಿದ್ದವು. ಇಷ್ಟು ಆರಾಮದ ಸೈಕಲ್ ಪ್ರವಾಸ ಆ ಕಣಿವೆಯಲ್ಲಿ ಹಿಂದೆ ನಡೆದಿರಲಾರದು.

ಮೊದಲ ಮನೆಯ ಮುಂದೆ ಒಬ್ಬ ಕಮ್ಮಾರ ನಿಂತಿದ್ದ. “ಓ, ಸಿಕ್ಕಿದ್ರಾ? ಎಲ್ಲಿದ್ರಿ ಸ್ವಾಮಿ?”

ಏನ್ಮಹಾ ಇಳಿದರು. ಸೈಕಲ್ ನಿಲ್ಲಿಸಿದರು. “ಲಾಡ್ಜಲ್ಲಿದ್ದೆ” ಎಂದರು.

ಕಮ್ಮಾರ ಬಹಳ ಹೊತ್ತು ಅವರನ್ನು ನೋಡಿದ. “ನಾನು ಕುಲುಮೆ ಆರಿಸಿ ಬಂದಿದ್ದೆ” ಎಂದಷ್ಟೇ ಹೇಳಿ ಒಳಗೆ ಹೋದ.

ಎರಡನೇ ಮನೆಯಲ್ಲಿ ಒಬ್ಬ ಗರ್ಭಿಣಿ, ನೀರಿನ ಚೊಂಬು ತಂದುಕೊಟ್ಟು ಕೇಳಿದಳು. ಚೊಂಬು ಕೈಯಲ್ಲಿ ಹಿಡಿದೇ ಹೇಳಬೇಕಾಯಿತು. ಮೂರನೇ ಮನೆಯಲ್ಲಿ ನಕ್ಕರು, ಮಕ್ಕಳನ್ನೂ ಕರೆದು ಇನ್ನೊಮ್ಮೆ ಹೇಳಿಸಿದರು. ನಾಲ್ಕನೆಯದರಲ್ಲಿ ಒಬ್ಬ ಅಜ್ಜಿಗೆ ಕಿವಿ ಮಂದ. ಏನ್ಮಹಾ ನದಿಯ ಆಚೆ ದೇಶಕ್ಕೂ ಕೇಳುವ ಹಾಗೆ “ಲಾಡ್ಜು, ಅಜ್ಜಿ, ಲಾಡ್ಜು” ಎಂದು ಕೂಗಿ ಹೇಳಿದರು. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ತಲೆ ಎತ್ತಿ ನೋಡಿದರು. ಹದಿನಾರು ಮನೆಗಳಲ್ಲಿ ಹದಿನಾರು ಸಲ. ಪ್ರತಿ ಸಲವೂ ಮುಖ ಬಿಸಿಯಾಗುತ್ತಿತ್ತು. ಹೇಳಿ ಹೇಳಿ ಅಭ್ಯಾಸವಾಗುತ್ತದೆ ಎಂದುಕೊಂಡಿದ್ದರು, ಆಗಲಿಲ್ಲ. ದೋಣಿಯಲ್ಲಿ ಮಾವ ನೀರನ್ನೇ ನೋಡುತ್ತಿದ್ದರು.

ಸಂಜೆಯ ಹೊತ್ತಿಗೆ ಕವಲುಹೊಳೆಯ ಕಡವು ಕಂಡಿತು. ದಾಟಿದರೆ ಮೂರನೇ ಚೌಕಿ. ಕಡವಿಗೆ ಮುಂಚೆ ಕೊನೆಯದೊಂದು ಮನೆ. ಜಗಲಿಯ ಮೇಲೆ ಒಬ್ಬ ಮುದುಕ ಗಂಟುಮೂಟೆ ಬಿಚ್ಚುತ್ತ ಕೂತಿದ್ದ. ಮಗಳ ಮನೆಯಲ್ಲಿ ಹದಿನೈದು ದಿನ ಇದ್ದು ಆಗತಾನೆ ಬಂದವನು, ಹುಡುಕಾಟದ ಸುದ್ದಿಯೇ ಅವನಿಗೆ ಗೊತ್ತಿರಲಿಲ್ಲ. ಅವನು ಮೊದಲು ಸೈಕಲ್ಲನ್ನು ನೋಡಿದ, ಆಮೇಲೆ ಅದರ ಸಮಕ್ಕೆ ಬರುತ್ತಿದ್ದ ಎಂಟು ದೋಣಿಗಳನ್ನು ನೋಡಿದ. ಅವನ ಮುಖ ಅರಳಿತು.

“ಏನ್ ಸ್ವಾಮಿ, ಪಂದ್ಯನಾ? ನೀವೇ ಮೊದಲು ಬಂದ ಹಾಗಿದೆಯಲ್ಲ. ಈ ವಯಸ್ಸಲ್ಲಿ. ಭಲೆ.”

ಏನ್ಮಹಾ ಪೆಡಲಿನ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟು ನಿಂತರು. ಇಲ್ಲಿ ಹೇಳಬೇಕೆಂದು ಯಾರೂ ಹೇಳಿರಲಿಲ್ಲ. ಈ ಮುದುಕ ಅವರನ್ನು ಹುಡುಕಿರಲಿಲ್ಲ, ಕುಲುಮೆ ಆರಿಸಿರಲಿಲ್ಲ. ಒಂದು ನಗೆ ನಕ್ಕು ಪೆಡಲು ಒತ್ತಿದರೆ ದಾಟಿಬಿಡಬಹುದಾಗಿತ್ತು. ಇಡೀ ಕಣಿವೆಯಲ್ಲಿ ಒಂದು ಜಗಲಿಯ ಮೇಲಾದರೂ ಅವರು ಗೆದ್ದವರಾಗಿ ಉಳಿಯುತ್ತಿದ್ದರು.

ದೋಣಿಯಕ್ಕ ಗಳ ಊರಿ ದೋಣಿ ನಿಲ್ಲಿಸಿದಳು. ಮಾವ ನೀರಿನಿಂದ ಕಣ್ಣು ತೆಗೆದು ದಡದ ಕಡೆ ನೋಡಿದರು.

ಏನ್ಮಹಾ ಸೈಕಲ್ಲಿನಿಂದ ಇಳಿದು, ಅದನ್ನು ಗೋಡೆಗೆ ಒರಗಿಸಿ, ಜಗಲಿಯ ತುದಿಯಲ್ಲಿ ಕೂತರು.

“ಪಂದ್ಯ ಅಲ್ಲ ಯಜಮಾನ್ರೇ” ಎಂದರು. “ಸ್ವಲ್ಪ ಆ ಗಂಟು ಈ ಕಡೆ ಜರುಗಿಸಿ, ಹೇಳ್ತೀನಿ. ಮೊನ್ನೆ ಬೆಳಿಗ್ಗೆ ನಾನು ಬಸ್ಸು ಹತ್ತಿದೆ.”